ಬಸವನಹುಳುವಿನ ಮೇಲೆ ಉಪ್ಪು ಸುರಿಯುವ ಮುಂಚೆ

ಹೋದ ಜುಲೈನಲ್ಲಿ ಮೂರು ದಿನ ಬಿಡದೆ ಮಳೆ ಹಿಡಿದಾಗ ನಮ್ಮ ಹಾಸ್ಟೆಲ್ ಹಿಂದಿನ ಕಾಂಪೌಂಡ್ ಗೋಡೆ ತುಂಬಾ ಬಸವನಹುಳು. ಒಂದೊಂದೂ ಅಂಗೈಯಷ್ಟು ದೊಡ್ಡದು. ಬಾತ್‌ರೂಮಿನ ಕಿಟಕಿಯಲ್ಲಿ, ಒಗೆದು ಹಾಕಿದ ಬಟ್ಟೆಯ ಮೇಲೆ, ಯಾರದೋ ಶೂ ಒಳಗೆ, ಎಲ್ಲಿ ನೋಡಿದರೂ ಅವೇ. ನಾಲ್ಕನೇ ದಿನ ರಾತ್ರಿ ಹುಡುಗರೆಲ್ಲ ಸೇರಿ 'ಆಪರೇಷನ್ ಉಪ್ಪು' ಶುರು ಮಾಡಿದರು. ಮೆಸ್‌ನಿಂದ ಎರಡು ಪ್ಯಾಕೆಟ್ ಕಲ್ಲುಪ್ಪು ಬಂತು. ಉಪ್ಪು ಬಿದ್ದ ಕೂಡಲೇ ಹುಳುಗಳು ನೊರೆ ಕಾರಿ ಮುದುಡಿಕೊಳ್ಳೋದನ್ನ ಮೊಬೈಲ್‌ನಲ್ಲಿ ಹಿಡಿದು ಹಾಡು ಸೇರಿಸಿ ರೀಲ್ಸ್ ಮಾಡಿದರು. ಒಬ್ಬ ಬರಿಗೈಯಲ್ಲಿ ಒಂದನ್ನು ಎತ್ತಿ 'ತಿಂದ್ರೆ ಐನೂರು ರೂಪಾಯಿ' ಅಂತ ಪಂದ್ಯ ಕಟ್ಟಿದ. ಪುಣ್ಯಕ್ಕೆ ಯಾರೂ ತಿನ್ನಲಿಲ್ಲ. ಬೆಳಗ್ಗೆ ಸತ್ತ ಹುಳುಗಳನ್ನೆಲ್ಲ ಗುಡಿಸಿ ಮಳೆನೀರಿನ ಚರಂಡಿಗೆ ತಳ್ಳಿದರು. ಆ ಚರಂಡಿ ಸೀದಾ ಪಕ್ಕದ ಕೆರೆಗೆ ಹೋಗುತ್ತೆ.

ನಾನೂ ಅಲ್ಲೇ ನಿಂತಿದ್ದೆ. ಟಾರ್ಚ್ ಹಿಡಿದಿದ್ದವನೇ ನಾನು. ಹಾಗಾಗಿ ಇದು ಬೇರೆಯವರಿಗೆ ಬುದ್ಧಿ ಹೇಳುವ ಲೇಖನ ಅಲ್ಲ.

ನನ್ನ ಅಭಿಪ್ರಾಯ ಇಷ್ಟು: ಬಸವನಹುಳುವಿನ ಮೇಲೆ ನಮಗಿರುವ ಸಿಟ್ಟು ತಪ್ಪಲ್ಲ, ಆದರೆ ಅದನ್ನು ತಪ್ಪು ಜಾಗದಲ್ಲಿ ತೋರಿಸ್ತಾ ಇದ್ದೀವಿ. ಹುಳು ಒಂದು ಜಂಕ್ಷನ್ ಇದ್ದ ಹಾಗೆ. ಇಲಿ, ದನ, ಮನುಷ್ಯ, ನೀರು ಎಲ್ಲವೂ ಅಲ್ಲಿ ಬಂದು ಸೇರುತ್ತವೆ. ಜಂಕ್ಷನ್ ಕೆಟ್ಟದಾಗಿದ್ದರೆ ಅದನ್ನು ಸರಿ ಮಾಡುವುದು ಎಂಜಿನಿಯರ್ ಕೆಲಸ. ಆದರೆ ನಮ್ಮ ನಾಲ್ಕು ವರ್ಷದ ಓದಿನಲ್ಲಿ ಬಸವನಹುಳು ಅನ್ನೋ ಪದವನ್ನು ಯಾರೂ ಒಂದು ಸಲವೂ ಹೇಳಿಲ್ಲ.

ಮೊದಲು ನಮ್ಮ ಗೋಡೆ ಮೇಲಿನ ಅತಿಥಿ ಯಾರು ಅಂತ ನೋಡೋಣ. ಅದು ಆಫ್ರಿಕನ್ ದೈತ್ಯ ಬಸವನಹುಳು. ತವರು ಪೂರ್ವ ಆಫ್ರಿಕಾ. ಭಾರತಕ್ಕೆ ಅದು ತಾನಾಗಿ ಬರಲಿಲ್ಲ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಶಂಖ-ಚಿಪ್ಪುಗಳ ಆಸಕ್ತ ಮಾರಿಷಸ್‌ನಿಂದ ತಂದು ಕೋಲ್ಕತ್ತದ ಚೌರಂಗಿಯ ತೋಟವೊಂದರಲ್ಲಿ ಬಿಟ್ಟ. ಅಲ್ಲಿಂದ ಗಿಡದ ಕುಂಡ, ಮಣ್ಣು, ಮರದ ದಿಮ್ಮಿ, ಲಾರಿ ಹಿಡಿದು ಊರೂರು ತಿರುಗಿತು. ಕೊಡಗಿನ ಶನಿವಾರಸಂತೆ ಕಡೆಯ ಕಾಫಿ ಬೆಳೆಗಾರರಿಗೆ ಇದರ ಕಾಟ ಎಷ್ಟು ಅಂತ ಚೆನ್ನಾಗಿ ಗೊತ್ತು. ಅಡಿಕೆ, ಬಾಳೆ, ಪಪ್ಪಾಯ, ತರಕಾರಿ ಯಾವುದನ್ನೂ ಇದು ಬಿಡೋದಿಲ್ಲ. ಒಂದೇ ಹುಳುವಿನಲ್ಲಿ ಗಂಡು-ಹೆಣ್ಣು ಎರಡೂ ಅಂಗಗಳಿರುತ್ತವೆ, ಒಂದು ಸಲಕ್ಕೆ ನೂರಾರು ಮೊಟ್ಟೆ ಇಡುತ್ತೆ. ಬೇಸಿಗೆ ಬಂದರೆ ಚಿಪ್ಪಿನ ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಮಲಗುತ್ತೆ, ಮೊದಲ ಮಳೆಗೆ ಎದ್ದು ಬರುತ್ತೆ. ಹಾಗಾಗಿ ಇದನ್ನು ಹತೋಟಿಯಲ್ಲಿಡಲೇಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ.

ಪ್ರಶ್ನೆ ಇರೋದು ಹೇಗೆ ಅನ್ನೋದರಲ್ಲಿ. ಈ ಹುಳುವಿನ ಮೈಯಲ್ಲಿ ಒಂದು ಪರಾವಲಂಬಿ ಇರಬಹುದು. ಹೆಸರು ಇಲಿಯ ಶ್ವಾಸಕೋಶದ ಹುಳು. ಹೆಸರಲ್ಲೇ ಇರುವ ಹಾಗೆ ಇದರ ನಿಜವಾದ ಮನೆ ಇಲಿ. ಬೆಳೆದ ಹುಳುಗಳು ಇಲಿಯ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಇರುತ್ತವೆ. ಮೊಟ್ಟೆಯೊಡೆದ ಮರಿಗಳು ಗಂಟಲಿಗೆ ಏರಿ, ಇಲಿ ಅವನ್ನು ನುಂಗಿ, ಹಿಕ್ಕೆಯಲ್ಲಿ ಹೊರಬರುತ್ತವೆ. ಬಸವನಹುಳು ಆ ಹಿಕ್ಕೆ ತಿನ್ನುತ್ತೆ. ಅದರ ಮಾಂಸದೊಳಗೆ ಮರಿಗಳು ಬೆಳೆದು, ಇನ್ನೊಂದು ಇಲಿ ಆ ಬಸವನಹುಳುವನ್ನು ತಿಂದಾಗ ಮಿದುಳಿಗೆ ಹೋಗಿ, ಅಲ್ಲಿಂದ ಮತ್ತೆ ಶ್ವಾಸಕೋಶದ ನಾಳಕ್ಕೆ ಬರುತ್ತವೆ. ಚಕ್ರ ಪೂರ್ತಿ. ಮನುಷ್ಯ ಈ ಚಕ್ರದಲ್ಲಿ ಇಲ್ಲವೇ ಇಲ್ಲ. ಬೇಯಿಸದ ಬಸವನಹುಳು, ಅಥವಾ ಅದರ ಪುಟ್ಟ ಮರಿಯೊಂದು ಅಂಟಿಕೊಂಡ ತೊಳೆಯದ ಸೊಪ್ಪು ಹೊಟ್ಟೆಗೆ ಹೋದರೆ ನಾವು ತಪ್ಪಿ ಒಳಗೆ ಬರುತ್ತೀವಿ. ಮರಿಹುಳುಗಳು ಮಿದುಳಿನ ತನಕ ಹೋಗಿ ದಾರಿ ಕಾಣದೆ ಅಲ್ಲೇ ಸಾಯುತ್ತವೆ. ಅದಕ್ಕೆ ದೇಹ ತಿರುಗಿಬಿದ್ದಾಗ ಮಿದುಳು ಪೊರೆಯ ಉರಿಯೂತ ಬರುತ್ತೆ. ತುಂಬಾ ಜನರಿಗೆ ತಲೆನೋವು, ಕುತ್ತಿಗೆ ಬಿಗಿತ ಬಂದು ತಾನಾಗಿ ವಾಸಿಯಾಗುತ್ತೆ. ಕೆಲವರಿಗೆ ಆಗೋದಿಲ್ಲ. ಪಕ್ಕದ ಕೇರಳದಲ್ಲಿ ವೈದ್ಯರು ಇಂಥ ಪ್ರಕರಣಗಳನ್ನು ವರದಿ ಮಾಡಿದ್ದಾರೆ.

ಆ ಐನೂರು ರೂಪಾಯಿ ಪಂದ್ಯ ನೆನಪಿದೆ ಅಲ್ವಾ? ಆಸ್ಟ್ರೇಲಿಯದ ಸಿಡ್ನಿಯಲ್ಲಿ 2010ರಲ್ಲಿ ಹತ್ತೊಂಬತ್ತು ವರ್ಷದ ರಗ್ಬಿ ಆಟಗಾರನೊಬ್ಬ ಗೆಳೆಯರ ಜೊತೆ ಕೂತಿದ್ದಾಗ ಇಂಥದೇ ಪಂದ್ಯಕ್ಕೆ ಒಂದು ಚಿಪ್ಪಿಲ್ಲದ ಬಸವನಹುಳು ನುಂಗಿದ. ಅವನಿಗೆ ಇದೇ ಸೋಂಕು ತಗುಲಿತು. ಒಂದು ವರ್ಷಕ್ಕೂ ಹೆಚ್ಚು ಕೋಮಾದಲ್ಲಿದ್ದ, ಎದ್ದ ಮೇಲೆ ಕೈಕಾಲು ಸ್ವಾಧೀನದಲ್ಲಿರಲಿಲ್ಲ, 2018ರಲ್ಲಿ ತೀರಿಕೊಂಡ. ಅವನೂ ನಮ್ಮ ವಯಸ್ಸಿನವನೇ, ಅಲ್ಲಿದ್ದ ಗೆಳೆಯರೂ ನಮ್ಮಂಥವರೇ.

ಈಗ ನಾವು ಮಾಡಿದ್ದನ್ನು ನೋಡಿ. ಬರಿಗೈಯಲ್ಲಿ ಮುಟ್ಟಿದೆವು. ನೆಲದ ಮೇಲೆ ಉಪ್ಪು ಸುರಿದು ಗಿಡದ ಬೇರು ಸುಟ್ಟೆವು. ಸತ್ತವನ್ನು ನೀರಿಗೆ ತಳ್ಳಿದೆವು. ಸತ್ತ ಹುಳುವಿನ ಮೈಯಿಂದ ಪರಾವಲಂಬಿಯ ಮರಿಗಳು ನೀರಿಗೆ ಬರಬಲ್ಲವು. ಇನ್ನು ಚಕ್ರದ ಆ ಕಡೆ ತುದಿ, ಅಂದರೆ ಇಲಿ? ಮೆಸ್ ಹಿಂದೆ ಮುಚ್ಚಳ ಇಲ್ಲದ ಡ್ರಮ್‌ನಲ್ಲಿ ಎಂಜಲು ಅನ್ನ ತುಂಬಿರುತ್ತೆ. ಅಲ್ಲಿ ಹೆಗ್ಗಣಗಳು ಜಾತ್ರೆ ಮಾಡ್ತಾ ಇರ್ತವೆ. ಅದರ ಬಗ್ಗೆ ಯಾರೂ ರೀಲ್ಸ್ ಮಾಡಲಿಲ್ಲ. ಡ್ರಮ್‌ಗೊಂದು ಮುಚ್ಚಳ ಹಾಕಿಸೋದು ಎರಡು ಪ್ಯಾಕೆಟ್ ಉಪ್ಪಿಗಿಂತ ಪರಿಣಾಮಕಾರಿ ಅಂತ ನಾನು ನಂಬ್ತೀನಿ.

ಇಷ್ಟಕ್ಕೇ ಆಗಿದ್ದರೆ ಈ ಲೇಖನ ಬರೀತಿರಲಿಲ್ಲ. ನನಗೆ ಬಸವನಹುಳು ಅಂದರೆ ಇನ್ನೊಂದು ನೆನಪಿದೆ.

ನಮ್ಮೂರು ಅರೆಮಲೆನಾಡು. ಊರ ಮುಂದೆ ಕೆರೆ. ನಾನು ಏಳನೇ ಕ್ಲಾಸಲ್ಲಿದ್ದಾಗ ಅಜ್ಜನ ಹಸು ಗೌರಿ ರಾತ್ರಿ ಹೊತ್ತು ಗೊರಕೆ ಹೊಡೆಯೋಕೆ ಶುರು ಮಾಡಿತು. ನಾವು ಮಕ್ಕಳಿಗೆ ಅದು ತಮಾಷೆ. 'ಅಜ್ಜನಿಗಿಂತ ಗೌರೀನೇ ಜೋರು' ಅಂತ ನಗ್ತಿದ್ವಿ. ಅಜ್ಜ ಶೀತ ಅಂದುಕೊಂಡು ಕಷಾಯ ಕುಡಿಸಿದರು. ಆಮೇಲೆ ಮೂಗಿಂದ ಕೀವು, ಒಮ್ಮೊಮ್ಮೆ ರಕ್ತ. ಹುಲ್ಲು ತಿನ್ನೋದು ಕಡಿಮೆಯಾಯಿತು, ಹಾಲು ಇಳಿಯಿತು. ದನದ ಡಾಕ್ಟ್ರು ಬಂದು ಟಾರ್ಚ್ ಬಿಟ್ಟು ನೋಡಿ, ಮೂಗಿನೊಳಗೆ ಹೂಕೋಸಿನ ಥರ ಗಂಟು ಬೆಳೆದಿದೆ ಅಂದರು. ಚಿಕಿತ್ಸೆ ಕೊಟ್ಟರು, ಸ್ವಲ್ಪ ಸುಧಾರಿಸಿತು, ಮುಂದಿನ ವರ್ಷ ಮತ್ತೆ ಅದೇ. ಕೊನೆಗೆ ಅಜ್ಜ ಸಿಕ್ಕಿದ ಬೆಲೆಗೆ ಗೌರಿಯನ್ನು ಮಾರಿದರು. ಆ ದಿನ ಅಜ್ಜ ಊಟ ಮಾಡಲಿಲ್ಲ.

ಅದು ಗೊರಕೆ ರೋಗ. ಶಿಸ್ಟೋಸೋಮಾ ಎಂಬ ರಕ್ತದ ಹುಳುವಿನ ಒಂದು ಜಾತಿ ದನದ ಮೂಗಿನ ರಕ್ತನಾಳದಲ್ಲಿ ಬೀಡುಬಿಟ್ಟು ಬರಿಸುವ ಕಾಯಿಲೆ. ಇದನ್ನು 1930ರ ದಶಕದ ಆರಂಭದಲ್ಲಿ ಮದ್ರಾಸ್ ಪ್ರಾಂತ್ಯದ ಪಶುವೈದ್ಯ ಅನಂತನಾರಾಯಣ ರಾವ್ ಗುರುತಿಸಿ ವಿವರಿಸಿದರು. ದನ ನೀರು ಕುಡಿಯಲು ಕೆರೆಗೆ ಮೂತಿ ಇಟ್ಟಾಗ ಸಿಂಬಳದ ಜೊತೆ ಮೊಟ್ಟೆಗಳು ನೀರಿಗೆ ಬೀಳುತ್ತವೆ. ಮೊಟ್ಟೆ ಒಡೆದು ಹೊರಬಂದ ಕಣ್ಣಿಗೆ ಕಾಣದ ಮರಿ, ಇಂಡೋಪ್ಲಾನಾರ್ಬಿಸ್ ಎಂಬ ಚಪ್ಪಟೆ ಸುರುಳಿಯ ನೀರಿನ ಬಸವನಹುಳುವನ್ನು ಹುಡುಕಿ ಒಳಗೆ ಹೊಕ್ಕುತ್ತೆ. ಕೆಲವು ವಾರಗಳಲ್ಲಿ ಅಲ್ಲಿ ಒಂದು ನೂರಾರು, ಸಾವಿರಾರು ಆಗಿ, ಕವಲು ಬಾಲದ ಈಜುಮರಿಗಳಾಗಿ ಹೊರಬರುತ್ತೆ. ನೀರಿಗಿಳಿದ ದನದ ಚರ್ಮ ಕೊರೆದು ಒಳಗೆ ನುಗ್ಗುತ್ತೆ. ಎಮ್ಮೆಗೂ ತಗುಲುತ್ತೆ, ಆದರೆ ಎಮ್ಮೆ ಸಾಮಾನ್ಯವಾಗಿ ತೋರಿಸಿಕೊಳ್ಳೋದಿಲ್ಲ. ಹಸು ಎತ್ತುಗಳೇ ನರಳೋದು. ಕೊಂಬಿನಂಥ ಮೀಸೆ ಇದೆ ಅಂತ ನಾವು ಬಸವನಹುಳು ಅಂತ ಹೆಸರಿಟ್ಟೆವು. ಆ ಬಸವನ ಹೆಸರಿನ ಹುಳುವಿನಿಂದಲೇ ನಿಜವಾದ ಬಸವನಿಗೆ ರೋಗ.

ಇದರ ಅಣ್ಣ ಇನ್ನೊಂದಿದೆ, ಪಿತ್ತಕೋಶದ ಎಲೆಹುಳು, ಲಿವರ್ ಫ್ಲೂಕ್. ಅದಕ್ಕೆ ಲಿಮ್ನಿಯಾ ಎಂಬ ಬೇರೆ ನೀರಿನ ಬಸವನಹುಳು ಬೇಕು. ಅದು ಚರ್ಮ ಕೊರೆಯೋದಿಲ್ಲ, ಕೆರೆಯಂಚಿನ ಹುಲ್ಲಿನ ಮೇಲೆ ಗೂಡು ಕಟ್ಟಿ ದನ ಮೇಯೋದನ್ನೇ ಕಾಯುತ್ತೆ. ದನದ ಗದ್ದದ ಕೆಳಗೆ ನೀರು ತುಂಬಿ ಚೀಲದಂತೆ ಜೋತುಬಿದ್ದಿದ್ದನ್ನು ಹಳ್ಳಿಯಿಂದ ಬಂದವರು ನೋಡಿರ್ತೀರಿ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ನಾನು ಸಿವಿಲ್ ವಿದ್ಯಾರ್ಥಿ. ಐದನೇ ಸೆಮಿಸ್ಟರ್‌ನಲ್ಲಿ ತೆರೆದ ಕಾಲುವೆಯ ಹರಿವು ಓದಿದೆವು. ಮ್ಯಾನಿಂಗ್ ಸೂತ್ರ ನಿದ್ದೆಯಲ್ಲೂ ಬರೀತೀವಿ. ಕಳೆ ಬೆಳೆದ ಮಣ್ಣಿನ ಕಾಲುವೆಯಲ್ಲಿ ಒರಟುತನ ಜಾಸ್ತಿ, ಆದ್ದರಿಂದ ವೇಗ ಕಡಿಮೆ, ಆದ್ದರಿಂದ ನೀರು ನಷ್ಟ. ಇಷ್ಟಕ್ಕೆ ನಮ್ಮ ಪಾಠ ಮುಗೀತು. ಆದರೆ ನೀರಿನ ವೇಗ ಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ಮೀರಿದರೆ ರೋಗ ಹರಡುವ ನೀರಿನ ಬಸವನಹುಳುಗಳಿಗೆ ಹಿಡಿದುಕೊಂಡು ನಿಲ್ಲುವುದು ಕಷ್ಟ ಅನ್ನೋದನ್ನ ನಾನು ಪಠ್ಯದ ಹೊರಗೆ ಓದಿ ತಿಳಿದುಕೊಂಡೆ. ಅಂದರೆ ಅದೇ ಲೆಕ್ಕದಲ್ಲಿ ಒಂದು ಊರಿನ ದನದ ಆರೋಗ್ಯವೂ ಇದೆ. ಅದೇ ಸೂತ್ರ, ಅದೇ ಉತ್ತರ, ಓದೋ ರೀತಿ ಮಾತ್ರ ಬೇರೆ.

ಇದು ನನ್ನ ಕಲ್ಪನೆ ಅಲ್ಲ. ಜಪಾನಿನ ಯಮನಾಶಿ ಪ್ರಾಂತ್ಯದ ಕೋಫು ಕಣಿವೆಯಲ್ಲಿ ಭತ್ತದ ಗದ್ದೆಗಿಳಿದವರಿಗೆ ಹೊಟ್ಟೆ ಉಬ್ಬಿ ಸಾಯುವ ರೋಗ ತಲೆತಲಾಂತರದಿಂದ ಇತ್ತು. 1913ರಲ್ಲಿ ಮಿಯಾಇರಿ ಮತ್ತು ಸುಜುಕಿ ಎಂಬ ಸಂಶೋಧಕರು, ಕಾಲುವೆ ಅಂಚಿನಲ್ಲಿರುವ ಅಕ್ಕಿಕಾಳಿನಷ್ಟು ಸಣ್ಣ ಬಸವನಹುಳುವೇ ಈ ರೋಗದ ಮಧ್ಯವರ್ತಿ ಅಂತ ತೋರಿಸಿದರು. ಆಮೇಲೆ ಅಲ್ಲಿನ ಜನ ಔಷಧಿ ಒಂದನ್ನೇ ನಂಬಿ ಕೂರಲಿಲ್ಲ. ಹುಳು ಹೆಕ್ಕಿದರು, ರಾಸಾಯನಿಕ ಹಾಕಿದರು, ಗದ್ದೆಯ ಮಣ್ಣಿನ ಕಾಲುವೆಗಳಿಗೆ ಊರಿಂದ ಊರಿಗೆ ಕಾಂಕ್ರೀಟ್ ಹಾಕುತ್ತಾ ಹೋದರು. ನೀರು ಜೋರಾಗಿ ಹರಿಯಿತು, ಹುಳುವಿಗೆ ಅಂಚಿನ ಮಣ್ಣು ಸಿಗಲಿಲ್ಲ. 1996ರಲ್ಲಿ ರೋಗ ಮುಗಿಯಿತು ಅಂತ ಪ್ರಾಂತ್ಯ ಅಧಿಕೃತವಾಗಿ ಘೋಷಿಸಿತು. ಸುಮಾರು ಒಂದು ಶತಮಾನದ ಕೆಲಸ.

ಉಲ್ಟಾ ಉದಾಹರಣೆಯೂ ಇದೆ. ಆಫ್ರಿಕಾದ ಸೆನೆಗಲ್ ನದಿಗೆ 1986ರಲ್ಲಿ ಡಿಯಾಮಾ ಅಣೆಕಟ್ಟು ಕಟ್ಟಿದರು. ಸಮುದ್ರದ ಉಪ್ಪುನೀರು ಒಳಗೆ ಬರಬಾರದು, ಕಬ್ಬು-ಭತ್ತಕ್ಕೆ ಸಿಹಿನೀರು ಸಿಗಬೇಕು ಅನ್ನೋದು ಉದ್ದೇಶ. ಎಂಜಿನಿಯರಿಂಗ್ ಲೆಕ್ಕದಲ್ಲಿ ಒಳ್ಳೆ ಕೆಲಸ. ಎರಡೇ ವರ್ಷದಲ್ಲಿ ಮೇಲ್ದಂಡೆಯ ರಿಚರ್ಡ್ ಟೋಲ್ ಪಟ್ಟಣದಲ್ಲಿ ಮನುಷ್ಯರ ಕರುಳಿನ ಶಿಸ್ಟೋಸೋಮಾ ರೋಗ ಕಾಣಿಸಿಕೊಂಡು ಬೆಂಕಿಯ ಹಾಗೆ ಹಬ್ಬಿತು. ಉಪ್ಪಿಲ್ಲದ ನಿಂತ ನೀರಲ್ಲಿ ಬಸವನಹುಳುವಿಗೆ ಹಬ್ಬ. ಅದನ್ನು ತಿನ್ನುತ್ತಿದ್ದ ನದಿಯ ಸಿಗಡಿ ಮೊಟ್ಟೆ ಇಡಲು ಅಳಿವೆಗೆ ಹೋಗಿಬರಬೇಕು. ಅದರ ದಾರಿಗೆ ಅಣೆಕಟ್ಟು ಅಡ್ಡ ಬಂತು. ಆಮೇಲೆ ಸಂಶೋಧಕರು ಒಂದು ಹಳ್ಳಿಯ ನೀರಿನ ಕಟ್ಟೆಯಲ್ಲಿ ಸಿಗಡಿ ತಂದು ಬಿಟ್ಟು ನೋಡಿದಾಗ ಸೋಂಕು ಹೊತ್ತ ಬಸವನಹುಳುಗಳೂ ಕಡಿಮೆಯಾದವು, ಜನರಲ್ಲಿ ಸೋಂಕೂ ಇಳಿಯಿತು. 2015ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಡಿಸೈನ್ ಮಾಡುವಾಗ ಯಾರಾದರೂ ಒಬ್ಬರು ಸಿಗಡಿಯ ಬಗ್ಗೆ ಕೇಳಿದ್ದರೆ ಅಂತ ಅನ್ಸುತ್ತೆ.

'ಇದೆಲ್ಲ ಪಶುವೈದ್ಯರ ಕೆಲಸ, ನಮಗ್ಯಾಕೆ' ಅಂತ ಒಬ್ಬ ಗೆಳೆಯ ಕೇಳಿದ. ಪಶುವೈದ್ಯರು ಗೌರಿಗೆ ಔಷಧಿ ಕೊಟ್ಟರು. ಗೌರಿ ಮಾರನೇ ದಿನ ಅದೇ ಕೆರೆಗೆ ಹೋದಳು. ನಮ್ಮೂರ ಕೆರೆಗೆ ಹಿಂದೆ ಒಮ್ಮೆ ಅಭಿವೃದ್ಧಿ ಕೆಲಸ ಆದಾಗ ತೂಬಿನ ಹತ್ತಿರ ಸೋರಿಕೆ ಹಾಗೇ ಬಿಟ್ಟರು. ಅಲ್ಲೊಂದು ಹೊಂಡ ನಿಂತು ಜೊಂಡು ಬೆಳೆಯಿತು. ದನ ಇಳಿಯುವ ಇಳಿಜಾರನ್ನೂ ಅಲ್ಲೇ ಮಾಡಿದರು. ಕಳೆದ ರಜೆಯಲ್ಲಿ ಹೋಗಿ ನೋಡಿದೆ. ಜೊಂಡಿನ ಪ್ರತಿ ಕಡ್ಡಿಗೂ ಚಪ್ಪಟೆ ಸುರುಳಿಗಳು ಅಂಟಿಕೊಂಡಿದ್ದವು. ಆ ಹೊಂಡಕ್ಕೆ ಯಾವ ಇಂಜೆಕ್ಷನ್ ಕೊಡೋದು? ಅದನ್ನು ಮಾಡಿದ್ದು ನಕ್ಷೆ, ಸರಿಮಾಡಬೇಕಾದ್ದೂ ನಕ್ಷೆಯೇ.

ಇನ್ನೊಬ್ಬ ಗೆಳತಿ ಕೇಳಿದ್ದು ಇದಕ್ಕಿಂತ ಒಳ್ಳೆ ಪ್ರಶ್ನೆ: 'ಹಾಗಾದರೆ ಎಲ್ಲ ಕೆರೆ ಕಾಲುವೆಗೂ ಕಾಂಕ್ರೀಟ್ ಹಾಕಿಬಿಡೋಣವಾ?' ಬೇಡವೇ ಬೇಡ. ಕಾಂಕ್ರೀಟ್ ಹಾಕಿದರೆ ಅಂತರ್ಜಲ ಇಳಿಯೋದಿಲ್ಲ, ಬಾವಿ ಬತ್ತುತ್ತವೆ, ಕಪ್ಪೆ ಮೀನಿಗೆ ಜಾಗ ಇರೋದಿಲ್ಲ. ಜಪಾನಿನಲ್ಲೂ ಆ ಮಿಯಾಇರಿ ಬಸವನಹುಳು ಇವತ್ತು ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿದೆ. ಅಲ್ಲಿ ಜನ ಸಾಯ್ತಾ ಇದ್ದರು, ಅದು ಬೇರೆ ಲೆಕ್ಕ. ನಮ್ಮಲ್ಲಿ ಆಫ್ರಿಕಾದಂತೆ ಮನುಷ್ಯರಿಗೆ ಶಿಸ್ಟೋಸೋಮಾ ರೋಗ ಹರಡಿಲ್ಲ. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ಗಿಮ್ವಿ ಎಂಬ ಒಂದು ಹಳ್ಳಿಯಲ್ಲಿ 1952ರಲ್ಲಿ ವರದಿಯಾಗಿದ್ದು ಬಿಟ್ಟರೆ ದೊಡ್ಡ ಮಟ್ಟದಲ್ಲಿ ಇಲ್ಲ. ಹಾಗಾಗಿ ಹೆದರಿಕೊಂಡು ಕೆರೆಗಳನ್ನು ಕೊಲ್ಲಬೇಕಾಗಿಲ್ಲ.

ಬಸವನಹುಳುಗಳನ್ನೆಲ್ಲ ಕೊಲ್ಲಬೇಕಾಗಿಯೂ ಇಲ್ಲ. ಪಶ್ಚಿಮ ಘಟ್ಟದಲ್ಲಿ ಇಂಡ್ರೆಲ್ಲಾ ಎಂಬ ಕೆಂಪು-ಹಳದಿ ಬಣ್ಣದ ಚಂದದ ಹುಳುವಿದೆ, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಎಲೆಗೊಬ್ಬರ ಮಾಡೋದು, ಪಾಚಿ ತಿನ್ನೋದು, ಹಕ್ಕಿ-ಏಡಿ-ಮಿಂಚುಹುಳುವಿನ ಮರಿಗೆ ಆಹಾರವಾಗೋದು ಇಂಥ ಹುಳುಗಳೇ. ನಮ್ಮ ಕರಾವಳಿ ಕಡೆಯವರಿಗೆ ನರ್ತೆ ಸಾರು ಊಟ. ಚೆನ್ನಾಗಿ ಬೇಯಿಸಿದರೆ ಅದರಿಂದ ಯಾವ ಹುಳುವಿನ ಭಯವೂ ಇಲ್ಲ. ದೈತ್ಯ ಬಸವನಹುಳುವನ್ನು ತಿನ್ನಲಿ ಅಂತ 1955ರಲ್ಲಿ ಹವಾಯಿಗೆ ಗುಲಾಬಿ ತೋಳಬಸವನನ್ನು ತಂದು ಬಿಟ್ಟರು. 1977ರಲ್ಲಿ ಮೊರೇಯಾ ದ್ವೀಪಕ್ಕೂ ತಂದರು. ಅದು ದೈತ್ಯನನ್ನು ಬಿಟ್ಟು ಅಲ್ಲಿನ ಪಾರ್ಟುಲಾ ಎಂಬ ಸಣ್ಣ ಮರಬಸವನಗಳನ್ನು ತಿನ್ನತೊಡಗಿತು. ಹತ್ತೇ ವರ್ಷದಲ್ಲಿ ಮೊರೇಯಾದ ಏಳು ಜಾತಿಯ ಪಾರ್ಟುಲಾ ಕಾಡಿನಿಂದ ಮಾಯ. ಒಂದು ತಪ್ಪು ಮುಚ್ಚೋಕೆ ಇನ್ನೊಂದು ತಪ್ಪು ತಂದರೆ ಹೀಗಾಗುತ್ತೆ.

ಮತ್ತೇನು ಮಾಡೋಣ? ದೊಡ್ಡದೇನಲ್ಲ.

ಕಾಲೇಜಿನಲ್ಲಿ: ಮೆಸ್ ಡ್ರಮ್‌ಗಳಿಗೆ ಮುಚ್ಚಳ. ಗ್ಲೌಸ್ ಇಲ್ಲದೆ ಹುಳು ಮುಟ್ಟೋದು ಬೇಡ, ಮುಟ್ಟಿದರೆ ಸೋಪಿನಲ್ಲಿ ಕೈ ತೊಳೆಯೋದು. ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯ ಎಲೆ ಇಟ್ಟರೆ ರಾತ್ರಿ ಹುಳುಗಳು ಅಲ್ಲೇ ಸೇರುತ್ತವೆ. ರೈತರು ಮಾಡೋದು ಹೀಗೇ. ಬೆಳಗ್ಗೆ ಹೆಕ್ಕಿ ಗಟ್ಟಿ ಉಪ್ಪುನೀರಿನ ಬಕೆಟ್‌ಗೆ ಹಾಕಿ, ಆಮೇಲೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳೋದು. ಉಪ್ಪು ಬಕೆಟ್‌ನಲ್ಲಿ ಇರಲಿ, ಮಣ್ಣಿಗೆ ಬೇಡ. ಚರಂಡಿಗಂತೂ ಹುಳು ಬೇಡವೇ ಬೇಡ. ಹಸಿ ಸೊಪ್ಪು ತಿನ್ನೋರು ಎಲೆ ಬಿಡಿಸಿ ಹರಿಯುವ ನೀರಿನಲ್ಲಿ ಒಂದೊಂದಾಗಿ ತೊಳೀರಿ.

ಊರಿನಲ್ಲಿ: ಆ ಈಜುಮರಿಗಳಿಗೆ ಆಯಸ್ಸು ಸಾಮಾನ್ಯವಾಗಿ ಒಂದೆರಡು ದಿನ ಮಾತ್ರ. ಅಷ್ಟರಲ್ಲಿ ದನ ಸಿಗದಿದ್ದರೆ ಸಾಯುತ್ತವೆ. ಅಂದರೆ ನೀರನ್ನು ಎರಡು ದಿನ ಟ್ಯಾಂಕಿನಲ್ಲಿ ತಂಗಿಸಿ ತೊಟ್ಟಿಗೆ ಬಿಟ್ಟರೆ ಸಾಕು. ಎರಡು ಕೋಣೆಯ ಟ್ಯಾಂಕು, ಒಂದು ದನದ ತೊಟ್ಟಿ, ತೊಟ್ಟಿಯ ಸುತ್ತ ಕೆಸರಾಗದ ಹಾಗೆ ಕಲ್ಲು ಹಾಸು, ಚೆಲ್ಲಿದ ನೀರು ಮತ್ತೆ ಕೆರೆಗೆ ಹೋಗದ ಹಾಗೆ ಬೇರೆ ಕಡೆಗೆ ಇಳಿಜಾರು. ಇದರಲ್ಲಿ ಎರಡನೇ ವರ್ಷದವರಿಗೆ ಬಾರದ ಲೆಕ್ಕ ಏನೂ ಇಲ್ಲ. ತೂಬಿನ ಸೋರಿಕೆ ಮುಚ್ಚಿ ಆ ಒಂದು ಹೊಂಡ ಒಣಗಿಸಿದರೆ ಕೆರೆಯ ಉಳಿದ ಭಾಗ ಇದ್ದ ಹಾಗೇ ಇರಬಹುದು.

ನಮ್ಮ ಕೊನೇ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ಇದನ್ನೇ ತಗೊಳ್ಳೋಣ ಅಂತಿದ್ದೀವಿ. ಗೈಡ್ ಇನ್ನೂ ಪೂರ್ತಿ ಒಪ್ಪಿಲ್ಲ. 'ಇದರಲ್ಲಿ ನಾವೀನ್ಯತೆ ಎಲ್ಲಿದೆ' ಅಂತ ಕೇಳಿದರು. ನಾವೀನ್ಯತೆ ಇಲ್ಲ ಸರ್, ಒಂದು ತೊಟ್ಟಿ ಇದೆ ಅಷ್ಟೇ ಅಂದೆ. ನಕ್ಕರು, ಯೋಚನೆ ಮಾಡ್ತೀನಿ ಅಂದಿದ್ದಾರೆ. ಪಶುವೈದ್ಯ ಕಾಲೇಜಿನಲ್ಲಿ ಓದುವ ಗೆಳೆಯರು ಯಾರಾದರೂ ಇದನ್ನು ಓದ್ತಾ ಇದ್ದರೆ ದಯವಿಟ್ಟು ಸಂಪಾದಕರ ಮೂಲಕ ನಮ್ಮನ್ನು ಸಂಪರ್ಕಿಸಿ, ಹುಳು ಗುರುತಿಸೋಕೆ ನಿಮ್ಮ ಸಹಾಯ ಬೇಕು.

ಅಜ್ಜನಿಗೆ ಫೋನ್ ಮಾಡಿ ತೊಟ್ಟಿಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆಗಲೇ ಗೊತ್ತಿದ್ದಿದ್ರೆ ಗೌರಿ ಇರ್ತಿದ್ಲು ಕಣೋ' ಅಂದರು. ಈಗ ಮನೆಯಲ್ಲಿ ಎರಡು ಹಸು ಇವೆ. ಅವು ಇವತ್ತೂ ಆ ಇಳಿಜಾರಿನಲ್ಲೇ ಇಳಿದು ನೀರು ಕುಡಿಯುತ್ತವೆ.